ನೆಲ ಮುಟ್ಟದ ಕಾಲುಗಳು

ಇಷ್ಟು ದೊಡ್ಡ ಪುಸ್ತಕದಲ್ಲಿ ನಿನಗೆ ಕಂಡಿದ್ದು ಬೆಂಚಿನ ಕಾಲೇನಯ್ಯಾ, ಸುಮ್ನೆ ಅಲ್ಲ ಬಿಡು ನೀನು ಆರನೇ ಕ್ಲಾಸಿಗೇ ನಿಂತಿದ್ದು, ಎಂದುಬಿಟ್ಟರು ಪ್ರಿನ್ಸಿಪಾಲರು, ನಿವೃತ್ತರಾಗಿ ಎಷ್ಟೋ ವರ್ಷವಾದರೂ ದನಿ ಮಾತ್ರ ಇನ್ನೂ ಕೊನೆಯ ಸಾಲಿಗೆ ಕೇಳಬೇಕು, ಲೈಬ್ರರಿಯ ಉದ್ದ ಮೇಜಿನ ಸುತ್ತ ಪುಸ್ತಕದ ಚರ್ಚೆಗೆ ಕೂತ ಒಂಬತ್ತು ಜನ, ಎಲ್ಲರೂ ನಕ್ಕರು, ಹಲ್ಲಿನ ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು, ಅಕ್ಕ ಕೂಡ, ಅವಳ ನಗು ಅರ್ಧಕ್ಕೇ ನಿಂತಿತು, ಆದರೂ ನಕ್ಕಳು, ಅವಳೇ ತಾನೆ ಮೊದಲು ಹೆಮ್ಮೆಯಿಂದ ಹೇಳಿದ್ದು, ನನ್ ತಮ್ಮ ಸಾರ್, ಬಡಗಿ ಕೆಲಸ, ಆರಕ್ಕೇ ಬಿಟ್ಟೋನು ಮುನ್ನೂರು ಪುಟ ಓದಿ ಮುಗ್ಸಿದಾನೆ ಅಂತ — ಅವಳು ಕೊಟ್ಟ ಕೋಲಿನಿಂದಲೇ ಅವರು ನನಗೆ ಬಾರಿಸಿದರು. ಓದಿದ್ದೇನೆ, ಹೌದು, ಇಪ್ಪತ್ತೆರಡು ದಿನ, ಮಾವನ ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ, ಪುಟದ ಮೇಲೆ ಬಿದ್ದ ಮರದ ಹೊಟ್ಟನ್ನು ಊದಿ ಊದಿ, ಪುಸ್ತಕ ಬರೆದ ಆಯಮ್ಮ ನರ್ಸಾಗಿದ್ದವರು, ಭಾಷೆ ಬಾರದ ದೇಶಕ್ಕೆ ಹೋಗಿ ಹನ್ನೊಂದು ಶಾಲೆ ಕಟ್ಟಿಸಿದವರು, ಹಲಗೆಗಳನ್ನು ತಾವೇ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿದ್ದನ್ನು ಓದುವಾಗ ನನಗೆ ಅಳು ಬಂತು, ಮಾವ ಕೇಳಿದರೆ ಕಣ್ಣಿಗೆ ಹೊಟ್ಟು ಬಿತ್ತು ಎಂದೆ, ಆಯಮ್ಮನ ಮೇಲೆ ನನಗೇನು ಸಿಟ್ಟು, ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಎರಡನೇ ವರ್ಷ ಪುಟ್ಟ ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು, ಯಾಕೆಂದು ಇಂದಿಗೂ ತಿಳಿಯದು, ಎಂದು ಬರೆದಿದ್ದಾರೆ, ಇವತ್ತಿನ ಚರ್ಚೆಯೂ ಅದೇ, ಬಡತನ ಅಂದರು ಒಬ್ಬರು, ಅಪ್ಪ ಅಮ್ಮಂದಿರಿಗೆ ಓದಿನ ಬೆಲೆ ಗೊತ್ತಿಲ್ಲ ಅಂದರು ಡಾಕ್ಟರಮ್ಮ, ಅಲ್ಲಿನ ಸಂಸ್ಕೃತಿ ಎಂದು ಪ್ರಿನ್ಸಿಪಾಲರು ಅರ್ಧ ಗಂಟೆ, ಆಮೇಲೆ ನಾನು ಪುಸ್ತಕದಲ್ಲಿದ್ದ ಆ ಶಾಲೆಯ ಫೋಟೋ ತೋರಿಸಿದೆ, ನೋಡಿ ಸಾರ್, ಬೆಂಚು ಟೀಚರ್ ಮೊಣಕಾಲಿನ ಎತ್ತರಕ್ಕಿದೆ, ಹದಿನೆಂಟು ಇಂಚು, ದೊಡ್ಡೋರ ಅಳತೆ ಅದು, ಈ ಹುಡುಗೀಗೆ ಹನ್ನೆರಡು ಸಾಕು, ಕಾಲು ನೆಲಕ್ಕೇ ಮುಟ್ಟಿಲ್ಲ — ಅಷ್ಟೇ ಹೇಳಿದ್ದು, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಕ್ಕಳು ಕದಲದೆ ಕೂತಿದ್ದಾರೆ ಎಂದು ಫೋಟೋದ ಕೆಳಗೆ ಬರೆದಿದೆ, ಕದಲುವುದು ಹೇಗೆ, ತೊಡೆಯ ಅಡಿಗೆ ಹಲಗೆಯ ಅಂಚು ಒತ್ತುತ್ತದೆ, ಮೊದಲು ಇರುವೆ ಹರಿದಂತೆ, ಆಮೇಲೆ ಕಾಲು ಇದೆಯೋ ಇಲ್ಲವೋ, ನಮ್ಮ ಆರನೇ ಕ್ಲಾಸಿಗೂ ಕಾಲೇಜಿನವರು ಬಿಸಾಡಿದ ಬೆಂಚುಗಳು, ನಾನೋ ಕ್ಲಾಸಿಗೇ ಗಿಡ್ಡ, ಬಾರೋ ಬೋರ್ಡ್ ಹತ್ರ ಎನ್ನುತ್ತಾರೆ ಟೀಚರು, ಇಳಿಯುತ್ತೇನೆ, ಜೋಮು ಹಿಡಿದ ಕಾಲು ಮಡಚಿಕೊಂಡು ದೊಪ್ಪನೆ ಬೀಳುತ್ತೇನೆ, ಕ್ಲಾಸಿಗೆ ಕ್ಲಾಸೇ ನಗುತ್ತದೆ, ಮಂಗನಾಟ ಆಡ್ತೀಯಾ, ನಡಿ ಆಚೆ, ಮೂರು ದಿನ ಹೀಗೇ ಬಿದ್ದೆ, ನಾಲ್ಕನೆಯ ದಿನ ಹೋಗಲಿಲ್ಲ, ಓದು ತಲೆಗೆ ಹತ್ತಲ್ಲ ಎಂದೆ ಮನೆಯಲ್ಲಿ, ಮಾವನ ಮರದಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ, ನಿಂತರೆ ಕಾಲು ನನ್ನದೇ, ಹತ್ತು ವರ್ಷ ಅದನ್ನೇ ನಂಬಿದ್ದೆ, ನನ್ನ ತಲೆಯೇ ಸರಿ ಇಲ್ಲ ಎಂದು, ಈ ಫೋಟೋ ನೋಡಿದ ಮಧ್ಯಾಹ್ನ ತಾನೆ ಗೊತ್ತಾದದ್ದು ನಾನು ದಡ್ಡನಲ್ಲವೆಂದು, ಅದನ್ನು ಇಲ್ಲಿಗೆ ಹೊತ್ತು ತಂದೆನಲ್ಲ, ಇವರ ಮುಂದೆ ಇಟ್ಟೆನಲ್ಲ. ಆಯಮ್ಮ ಇಲ್ಲಿದ್ದಿದ್ದರೆ ಆ ಬೆಂಚನ್ನು ಬೋರಲು ಹಾಕಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು, ನಾನು ಅದರ ಕಾಲಿಗೆ ಗರಗಸ ಹಾಕುತ್ತಿದ್ದೆ, ಒಂದು ದಿನದ ಕೆಲಸ, ಎಲ್ಲ ಬೆಂಚೂ ಮುಗಿಯುತ್ತಿತ್ತು — ಬೇಜಾರ್ ಮಾಡ್ಕೋಬೇಡಪ್ಪ, ಎನ್ನುತ್ತಾರೆ ಡಾಕ್ಟರಮ್ಮ ಮೆತ್ತಗೆ, ಪಾಪ ಅನ್ನಿಸಿರಬೇಕು, ಅದಿರ್ಲಿ, ನೀನ್ಯಾಕೆ ಬಿಟ್ಟೆ ಸ್ಕೂಲು, ಹೇಳು, ಎಲ್ಲರ ಮುಖ ನನ್ನ ಕಡೆ ತಿರುಗುತ್ತದೆ, ಪ್ರಿನ್ಸಿಪಾಲರು ಪೆನ್ನಿಗೆ ಮುಚ್ಚಳ ಹಾಕಿ ಕಾಯುತ್ತಾರೆ, ಅಕ್ಕ ಕಣ್ಣಲ್ಲೇ ಹೇಳೋ ಎನ್ನುತ್ತಾಳೆ, ಉತ್ತರ ನಾಲಿಗೆಯ ತುದಿಯಲ್ಲಿದೆ, ಈಗ ಹೇಳಿದರೆ ಇನ್ನೊಂದು ನಗು, ಇಲ್ಲವೇ ಅಯ್ಯೋ ಪಾಪ, ಎರಡೂ ಬೇಡ, ಪುಸ್ತಕ ಎತ್ತಿಕೊಳ್ಳುತ್ತೇನೆ, ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಬಾಗಿಲು, ಎಲ್ಲಿಗೋ ಎನ್ನುತ್ತಾಳೆ ಅಕ್ಕ, ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಬೆರಳು ಇನ್ನೂ ಆ ಫೋಟೋದ ಪುಟದಲ್ಲೇ ಇದೆ, ಮೊದಲ ಸಾಲಿನ ಹುಡುಗಿ, ಒಂದು ಚಪ್ಪಲಿ ಕಳಚಿ ಕೆಳಗೆ ಬಿದ್ದಿದೆ, ಹೆಬ್ಬೆರಳು ಅದರ ಕಡೆಗೆ ಚಾಚಿದೆ, ಚಾಚಿದೆ, ಚಾಚಿಕೊಂಡೇ ಇದೆ