ಐದೂರ ತುಕಡಿಯ ಹಾಜರಿ

ಕೊಟ್ಟೂರಿನ ಸೌಭಾಗ್ಯಳಿಗೆ ಹೊಲಿಗೆ ಯಂತ್ರ ತುಳಿಯುವುದೂ ಗೊತ್ತು, ಖಾಕಿ ತೊಟ್ಟು ಸಂತೆಯ ನೂಕುನುಗ್ಗಲನ್ನು ಸಾಲಿಗೆ ತರುವುದೂ ಗೊತ್ತು. ಗೃಹರಕ್ಷಕ ದಳ ಸೇರಿ ಹನ್ನೆರಡು ವರ್ಷವಾಗಿತ್ತು. ಈಚೆಗೆ ಅವಳ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆಯ ಹೋಮ್‌ಗಾರ್ಡುಗಳದು ಒಂದೇ ತುಕಡಿಯಾಗಬೇಕು.

ಹುಳಕ್ಕೆ ಕಾರಣವಿತ್ತು. ಕಳೆದ ಮಳೆಗಾಲ ಮೈಲಾರದ ಹತ್ತಿರ ಹೊಳೆ ಏರಿದಾಗ ಈ ಕಡೆಯವರೆಲ್ಲ ಜಿಲ್ಲೆಯ ಬೇರೆ ಬೇರೆ ತುಕಡಿಗಳಿಗೆ ಹಂಚಿಹೋಗಿ, ದೂರದ ಯಾವುದೋ ಸಮಾರಂಭದಲ್ಲಿ ಕಾರು ನಿಲ್ಲಿಸುತ್ತಿದ್ದರು. ಹೊಳೆಯ ಕೆಲಸಕ್ಕೆ ಬಂದವರು ಒಳ್ಳೆಯವರೇ. ಆದರೆ ಅವರು ದಾರಿ ಕೇಳಿಕೊಂಡು ಬರುವಷ್ಟರಲ್ಲಿ ಊರಿನ ಹೆಂಗಸರೇ ಕುರಿಮರಿಗಳನ್ನು ಸೊಂಟಕ್ಕೇರಿಸಿಕೊಂಡು ದಿಬ್ಬ ಹತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ, ಆದರೆ ಸೌಭಾಗ್ಯಳ ಒಳಗಿನ ಉರಿ ಆರಲಿಲ್ಲ.

ಅವಳ ಅರ್ಜಿ ನೋಡಿ ಜಿಲ್ಲಾ ಕಮಾಂಡೆಂಟ್ ಸಾಹೇಬರು ಕನ್ನಡಕ ತೆಗೆದರು.

“ಜಿಲ್ಲೆಯಿಂದ ಬೇರೆ ಆಗ್ತೀರೇನಮ್ಮ?”

“ಇಲ್ರಿ ಸರ್. ಮನಿ ಒಂದ. ಒಳಗ ನಮ್ಮದೊಂದು ಒಲಿ ಇರ್ಲಿ ಅಂತೀನ್ರಿ.”

“ಒಲೆ ಬೇರೆ ಆದಮೇಲೂ ಮನೆ ಒಂದೇ ಉಳಿದದ್ದನ್ನ ನಾನಂತೂ ನೋಡಿಲ್ಲ.”

ಸೌಭಾಗ್ಯ ನಾಲಿಗೆ ಕಚ್ಚಿಕೊಂಡಳು. ಅವಳ ಗಂಡನ ಮನೆಯಲ್ಲಿ ಒಲೆ ಬೇರೆಯಾಗಿ ಮೂರು ವರ್ಷಕ್ಕೆ ನಡುವೆ ಗೋಡೆಯೂ ಎದ್ದಿತ್ತು. “ಒಲಿ ಮಾತು ಬಿಡ್ರಿ ಸರ್. ನೀವು ಕರದಲ್ಲಿಗೆ ಬರ್ತೀವಿ, ಹೇಳಿದ್ದು ಮಾಡ್ತೀವಿ. ನಮ್ಮ ಹೊಳಿ ಬಂದಾಗ ಮಾತ್ರ ನಮ್ಮನ್ನ ಮುಂದ ಬಿಡ್ರಿ. ಅಲ್ಲಿ ಯಾವ ಓಣಿ ಎಲ್ಲಿಗೆ ಹೊಕ್ಕೈತಿ ಅನ್ನೋದು ನಮಗ ಗೊತ್ತೈತಿ.”

ಈ ಮಾತು ಸಾಹೇಬರಿಗೆ ಹಿಡಿಸಿತು. ಹತ್ತು ದಿನದ ಶಿಬಿರ ಕೊಟ್ಟರು, ಜೊತೆಗೊಂದು ಷರತ್ತನ್ನೂ ಕೊಟ್ಟರು. ಕೊನೆಯ ದಿನ ತಾವೇ ಬಂದು ನೋಡುತ್ತಾರೆ. ಐದೂರಿನವರು ಒಂದಾಗಿ ಕಂಡರೆ ತುಕಡಿ ಮಂಜೂರು, ಅದಕ್ಕೆ ಅವಳೇ ಮುಖ್ಯಸ್ಥೆ. ಇಲ್ಲವಾದರೆ ಮತ್ತೆ ಹಂಚಿಕೆ, ಮತ್ತೆ ಕಾರು ನಿಲ್ಲಿಸುವುದು.

ಶಿಬಿರ ನಡೆದದ್ದು ಹರಪನಹಳ್ಳಿಯ ಮೈದಾನದಲ್ಲಿ. ಒಂದಾಗುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಊಟದ ಹೊತ್ತಿಗೆ ಐದು ಮರದಡಿ ಐದು ಗುಂಪು. ಉಳಿದ ನಾಲ್ಕೂರಿನವರು ಸೇರಿ ಹರಪನಹಳ್ಳಿಯವರನ್ನು “ದಾವಣಗೆರಿ ಮಂದಿ ಬಂದ್ರಪಾ” ಎಂದು ಕಾಡಿಸುವರು, ಯಾಕೆಂದರೆ ಆ ತಾಲ್ಲೂಕು ಹಿಂದೆ ಕೆಲವು ವರ್ಷ ಆ ಜಿಲ್ಲೆಯಲ್ಲಿತ್ತು. ಇದನ್ನು ಕೇಳಿದರೆ ಹರಪನಹಳ್ಳಿಯ ಹಿರಿಯ ಪಾಲಾಕ್ಷಪ್ಪನಿಗೆ ಸಿಟ್ಟು ಮೂಗಿನ ತುದಿಗೇ ಬರುತ್ತಿತ್ತು.

“ನಮ್ಮೂರು ದೊಡ್ದು. ತುಕಡಿ ಹೆಸರಿನಾಗ ಮೊದ್ಲು ನಮ್ಮೂರೇ ಬರ್ಬೇಕು. ಇಲ್ಲಾಂದ್ರ ನಾವು ಬರಂಗಿಲ್ಲ ನೋಡು ತಂಗಿ.”

“ಆತು ಬಿಡಣ್ಣ, ಮೊದ್ಲು ರೊಟ್ಟಿ ತಿನ್ನು,” ಎಂದು ಸೌಭಾಗ್ಯ ಅವನ ಪಕ್ಕದಲ್ಲೇ ಕೂತಳು. ದಿನಕ್ಕೊಂದು ಮರದಡಿ ಬುತ್ತಿ ಬಿಚ್ಚಿದಳು. ಯಾರ ಮಗಳಿಗೆ ಪರೀಕ್ಷೆ, ಯಾರ ಮೊಣಕಾಲಿಗೆ ನೋವು, ಎಲ್ಲ ಕೇಳಿಕೊಂಡಳು. ಹೋಮ್‌ಗಾರ್ಡಾಗಿ ಅದೇ ಶಿಬಿರದಲ್ಲಿದ್ದ ಅವಳ ಗಂಡ ಶಿವಯೋಗಿ, “ನನ್ನ ಗಿಡದ ಬುಡಕ್ಕ ಯಾವಾಗ ಬರ್ತಿ?” ಎಂದು ಕೆಣಕಿದ. “ನಿಮ್ಮನ್ನೇನು ಕೇಳೂದೈತಿ, ಮನ್ಯಾಗ ದಿನಾ ನೋಡ್ತೀನಲ್ಲ,” ಎಂದಳು.

ಕೊನೆಯ ದಿನ ಸಂಜೆ ಐದಕ್ಕೆ ಸಾಹೇಬರು ಬಂದರು. ಕವಾಯತು ಪರವಾಗಿಲ್ಲ ಎಂಬಂತೆ ನಡೆಯಿತು. ಆಮೇಲೆ ಅವರು ಸೌಭಾಗ್ಯಳ ಕೈಯಲ್ಲಿದ್ದ ಹಾಜರಿ ಹಾಳೆ ತೆಗೆದುಕೊಂಡು ಮಡಚಿ ಜೇಬಿಗಿಟ್ಟರು.

“ಈಗ ಹಾಜರಿ ಕರೆಯಮ್ಮ. ತನ್ನವರ ಹೆಸರೇ ಗೊತ್ತಿಲ್ಲದವರ ಕೈಗೆ ನಾನು ತುಕಡಿ ಕೊಡೋದಿಲ್ಲ.”

ಇಷ್ಟೇನಾ ಎಂದುಕೊಂಡಳು ಸೌಭಾಗ್ಯ. “ಬೆನಕಪ್ಪಣ್ಣ!” “ಹಾಜರ್!” “ಪಕ್ಕೀರಮ್ಮಕ್ಕ!” “ಹಾಜರ್!” ಹೆಸರುಗಳು ಪಟಪಟನೆ ಉದುರಿದವು. ಮೂವತ್ತೆರಡು ಮುಗಿದವು. ಮೂವತ್ಮೂರನೆಯವನ ಮುಂದೆ ಬಾಯಿ ಕಟ್ಟಿತು.

ಸಾಲಿನ ತುದಿಯಲ್ಲಿ ಎದೆಯುಬ್ಬಿಸಿ ನಿಂತಿದ್ದವನು ಶಿವಯೋಗಿ. ಅವಳ ಮನೆತನದಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹದಿನೈದು ವರ್ಷದಲ್ಲಿ ರೇಷನ್ ಅಂಗಡಿಯಲ್ಲೂ ಅವಳು ಹೇಳಿದವಳಲ್ಲ, ಕಾರ್ಡು ಮುಂದೆ ಹಿಡಿದಿದ್ದಳು.

“ಇವರೊಬ್ಬರ ಹೆಸರು ಗೊತ್ತಿಲ್ಲವೇನಮ್ಮ?”

“ಗೊತ್ತೈತ್ರಿ ಸರ್...” ಅವಳ ಮುಖ ಕೆಂಪಾಯಿತು. ಒಂದು ಹೆಸರಿಗಾಗಿ ಹತ್ತು ದಿನದ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಅಳುವೇ ಬಂತು.

ಆಗ ಪಾಲಾಕ್ಷಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಸಾಹೇಬ್ರ, ಆತ ಆಕಿ ಗಂಡ್ರೀ! ಹಂಗ ಹೇಳಂಗಿಲ್ಲ, ಒಡಪು ಹಾಕಾಕ ಹೇಳ್ರಿ!”

ಮದುವೆಯಲ್ಲಿ ಮದುಮಗಳು ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳುವುದೇ ಒಡಪು. ಮೈದಾನವೆಲ್ಲ “ಒಡಪು! ಒಡಪು!” ಎಂದು ಕೂಗಿತು. ಐದೂ ಊರು ಒಂದೇ ದನಿಯಲ್ಲಿ ಕೂಗಿದ್ದು ಅದೇ ಮೊದಲು. ಸೌಭಾಗ್ಯ ಟೋಪಿ ಸರಿಮಾಡಿಕೊಂಡು ಕಣ್ಣು ಮುಚ್ಚಿದಳು.

“ಕೂಡ್ಲಿಗಿ ಹುಣಸಿ, ಹಡಗಲಿ ಮಲ್ಲಿಗಿ,
ಕೊಟ್ಟೂರ ಮಂಡಕ್ಕಿ, ಬೊಮ್ಮನಳ್ಳಿ ಶೇಂಗಾ ಹೋಳಿಗಿ,
ಹರಪನಳ್ಳಿ ಮೆಕ್ಕಿಜೋಳ ತುಂಬೀನಿ ಜೋಳಿಗಿ,
ಐದೂರ ಸಾಲಿನಾಗ ಎದ್ದು ಕಾಣ್ತಾರ ನಮ್ಮ ಶಿವಯೋಗಿ!”

“ಹಾಜರ್!” ಎಂದು ಶಿವಯೋಗಿ ಕೂಗಿದ್ದು ಚಪ್ಪಾಳೆಯಲ್ಲಿ ಕೇಳಿಸಲೇ ಇಲ್ಲ. ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡು ಪೆನ್ನು ತೆಗೆದರು. “ಮಂಜೂರು. ಊರುಗಳ ಹೆಸರು ಯಾವ ಕ್ರಮದಲ್ಲಿ ಬರೀಲಿ?”

ಎಲ್ಲರೂ ಪಾಲಾಕ್ಷಪ್ಪನ ಕಡೆ ನೋಡಿದರು. ಅವನು ಒಂದು ಹೆಜ್ಜೆ ಮುಂದೆ ಬಂದ.

“ತಂಗಿ ಒಡಪಿನಾಗ ಹೇಳಿದಂಗ ಬರೀರಿ ಸರ್.”

“ನಿಮ್ಮೂರು ಕೊನೆಗೆ ಬಂತಲ್ಲಪ್ಪ?”

“ಬರ್ಲಿ ಬಿಡ್ರಿ. ಹಿಂದ ನಿಂತು ಕಾಯಾಕ ಗಟ್ಟಿ ಮಂದಿ ಬೇಕಲ್ರಿ.”

ಸೌಭಾಗ್ಯಳಿಗೆ ಸಂತೋಷವೆಂದರೆ ಇದೇ ಇರಬೇಕು ಎನಿಸಿತು. ಅದನ್ನು ತೋರಗೊಡದೆ, “ತುಕಡಿ, ಸಾವಧಾನ್!” ಎಂದು ಕೂಗಿದಳು. ಎಲ್ಲರಿಗಿಂತ ಮೊದಲು ಹಿಮ್ಮಡಿ ಕೂಡಿಸಿದವನು ಪಾಲಾಕ್ಷಪ್ಪ.