ತಲೆಕಟ್ಟು

ಗೇಟಿನ ಪಕ್ಕದ ಕರಿಹಲಗೆಯ ಮೇಲಿನ 'ಲಿಂಗೈಕ್ಯ' ಎಂಬ ಪದವನ್ನು ದಾಕ್ಷಾಯಣಿ ಮೂರನೆಯ ಸಲ ಅಳಿಸಿದಳು. ಡಸ್ಟರಿನ ಪುಡಿ ಸೀರೆಯ ನೆರಿಗೆಯ ಮೇಲೆ ಉದುರಿತು.

"ಚಂದ ಇತ್ತಲ್ರಿ ಮೇಡಂ, ಮತ್ಯಾಕ ಅಳಸಿದ್ರಿ?" ಹೆಡ್‌ಮಾಸ್ಟರ್ ಕೊಟ್ರಬಸಪ್ಪ ಬೈಕಿನ ಕೀಲಿ ತಿರುಗಿಸುತ್ತ ಶಾಲೆಯ ಗೇಟಿನ ಬಳಿ ನಿಂತಿದ್ದರು. "ಮೂರು ಗಂಟೆಗೆ ಮಣ್ಣು. ನೀವು ಹಿಂಗ ತಿದ್ಕೋತ ನಿಂತ್ರ ನಾವು ಹನ್ನೊಂದನೇ ದಿನದ ಕಾರ್ಯಕ್ಕ ಹೋಗಿ ಮುಟ್ತೀವಿ."

"ಸಾಲು ಓರೆ ಆಗಿತ್ರಿ ಸಾರ್."

"ಅವ್ರೇನು ಎದ್ದು ಬಂದು ನೋಡ್ತಾರೇನ್ರಿ?" ಎಂದವರು ತಮ್ಮ ಮಾತಿಗೆ ತಾವೇ ನಾಲಿಗೆ ಕಚ್ಚಿಕೊಂಡರು.

ಅವಳು ಮತ್ತೆ ಬರೆದಳು. 'ನಮ್ಮ ಶಾಲೆಯ ನಿವೃತ್ತ ಶಿಕ್ಷಕರಾದ ಶ್ರೀ ಚಿದಾನಂದಪ್ಪನವರು ಇಂದು ಲಿಂಗೈಕ್ಯರಾದರು.' ಸಿರಿಗೇರಿಯ ಈ ಶಾಲೆಯಲ್ಲಿ ಮೂವತ್ತೆರಡು ವರ್ಷ ಒಂದನೇ ತರಗತಿಯನ್ನೇ ಕಲಿಸಿದವರು. ನಿವೃತ್ತರಾಗಿ ನಾಲ್ಕು ವರ್ಷವಾದರೂ ಶನಿವಾರ ಬೆಳಗಿನ ಶಾಲೆಗೆ ತಪ್ಪದೆ ಬರುತ್ತಿದ್ದರು. ಏಳು ವಾರದಿಂದ ಬಂದಿರಲಿಲ್ಲ. ಯಾಕೆ ಬರಲಿಲ್ಲವೆಂಬುದು ದಾಕ್ಷಾಯಣಿಗೆ ಮಾತ್ರ ಗೊತ್ತಿತ್ತು.

ಮಕ್ಕಳು ಇಬ್ಬಿಬ್ಬರಾಗಿ ಸಾಲು ನಿಂತಿದ್ದರು. ಎರಡನೇ ತರಗತಿಯ ಪಂಪಾವತಿ ಬಂದು ಅವಳ ಸೆರಗು ಜಗ್ಗಿದಳು.

"ಟೀಚರ್, ಶನಿವಾರದ ಅಜ್ಜಗ ಫೋನ್ ಮಾಡ್ತೀನಿ ಅಂದಿದ್ರಲ್ಲ, ಮಾಡಿದ್ರ್ಯಾ?"

"ಸಾಲಿನ್ಯಾಗ ನಿಂದ್ರು ಪಂಪಾವತಿ."

"ಮಾಡಿದ್ರ್ಯಾ?"

"ಇಲ್ಲ" ಎಂದಳು ದಾಕ್ಷಾಯಣಿ. ಕೈಯಲ್ಲಿದ್ದ ಸೀಮೆಸುಣ್ಣ ಮುರಿದಿತ್ತು.

*

ಶನಿವಾರಗಳು ಒಂದೇ ರೀತಿ ಇರುತ್ತಿದ್ದವು. ಚಿದಾನಂದಪ್ಪ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಂದು ಚಪ್ಪಲಿಯನ್ನು ಮಕ್ಕಳ ಚಪ್ಪಲಿಗಳ ಸಾಲಿನಲ್ಲೇ ಬಿಟ್ಟು ಒಳಗೆ ಬರುವರು. ಮೊದಲು ಉಗುರು ನೋಡುವರು. ಆಮೇಲೆ ಉಕ್ತಲೇಖನ, ಹತ್ತು ಪದ. ಒಂದೊಂದು ಪದವನ್ನೂ ಮೂರು ಸಲ ಮೂರು ದನಿಯಲ್ಲಿ ಹೇಳುವರು. 'ಗರಗಸ' ಎಂದು ಒಮ್ಮೆ ಸುಮ್ಮನೆ, ಒಮ್ಮೆ ಬಡಿಗನಂತೆ ಕೈಯಾಡಿಸುತ್ತ, ಒಮ್ಮೆ ಗರಗಸವೇ ಮಾತಾಡಿದಂತೆ. ಮಕ್ಕಳು ನಕ್ಕು ನಕ್ಕು ಪೆನ್ಸಿಲ್ ಬೀಳಿಸುತ್ತಿದ್ದರು. ವಾರವಿಡೀ ಬಾಯಿ ಬಿಡದ ಮಕ್ಕಳೂ ಅವತ್ತು ಕೂಗಿ ಓದುತ್ತಿದ್ದರು.

ತೊಂದರೆ ಇದ್ದದ್ದು ತಲೆಕಟ್ಟಿನಲ್ಲಿ. ಅವರ ಹುಟ್ಟೂರು ಗಡಿಯ ಆಚೆ, ಆಂಧ್ರದ ಆಲೂರು-ಆದೋನಿಯ ಕಡೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಏಳನೇ ತರಗತಿಯವರೆಗೆ ತೆಲುಗು. ಎರಡರ ಅಕ್ಷರಗಳೂ ಅಣ್ಣ ತಮ್ಮಂದಿರಂತೆ. ನೆತ್ತಿಯ ಮೇಲಷ್ಟೇ ವ್ಯತ್ಯಾಸ. ಕನ್ನಡದ ತಲೆಕಟ್ಟು ಅಡ್ಡಕ್ಕೆ ಮಲಗಿ ತುದಿಯಲ್ಲಿ ಬಾಗುತ್ತದೆ. ತೆಲುಗಿನದು ಒಮ್ಮೆ ತಗ್ಗಿ ಮೇಲಕ್ಕೆ ಚಿಮ್ಮುತ್ತದೆ. ಚಿದಾನಂದಪ್ಪನವರ ಕೈ ಚಿಮ್ಮುವುದನ್ನೇ ಕಲಿತಿತ್ತು.

"ಏನ್ ಮಾಡ್ಲಿ ಟೀಚರಮ್ಮ, ನಿಮ್ಮ ಅಕ್ಷರ ಟೋಪಿ ಹಾಕ್ಕೊಂಡು ಕುಂತಾವ, ನನ್ನವು ಜುಟ್ಟು ಬಿಟ್ಕೊಂಡು ಓಡ್ತಾವ" ಎಂದು ಅವರೇ ನಗುತ್ತಿದ್ದರು.

ಮಕ್ಕಳಿಗೆ ಜುಟ್ಟೇ ಇಷ್ಟ. ಸೋಮವಾರದಿಂದ ಶುಕ್ರವಾರದ ತನಕ ದಾಕ್ಷಾಯಣಿ ಟೋಪಿ ಹಾಕಿಸುವಳು, ಶನಿವಾರ ಒಂದೇ ದಿನಕ್ಕೆ ಎಲ್ಲ ಜುಟ್ಟಾಗುವುದು. ಮತ್ತೆ ಸೋಮವಾರ ಬರುತ್ತಿತ್ತು.

ಜುಲೈನಲ್ಲಿ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಪಂಪಾವತಿಯ ನೋಟ್‌ಬುಕ್ ತೆರೆದು ಕಣ್ಣು ಕಿರಿದು ಮಾಡಿದರು. "ಇದು ಸಿರಿಗೇರಿ ಸಾಲಿನೋ, ಆದೋನಿ ಸಾಲಿನೋ?" ಎಂದು ನಕ್ಕರು. ಹೋಗುವಾಗ ಭೇಟಿ ಪುಸ್ತಕದಲ್ಲಿ ಬರೆದರು: 'ಅಕ್ಷರದ ಆಕಾರದ ಕಡೆ ಶಿಕ್ಷಕಿ ಗಮನ ಕೊಡುವುದು.'

ಆ ಸಾಲನ್ನು ದಾಕ್ಷಾಯಣಿ ಎಷ್ಟು ಸಲ ಓದಿಕೊಂಡಳೋ. ಅವಳು ಅತಿಥಿ ಶಿಕ್ಷಕಿ. ಮರುನೇಮಕದ ಆದೇಶ ವರ್ಷಕ್ಕೊಮ್ಮೆ ಬರಬೇಕು. ಬಳ್ಳಾರಿಯ ಬಟ್ಟೆ ಅಂಗಡಿಯಲ್ಲಿ ಹಗಲೆಲ್ಲ ಸೀರೆ ಮಡಚಿ, ಸಂಜೆ ಕಾಲೇಜಿನಲ್ಲಿ ಕೂತು ಡಿಗ್ರಿ ಮುಗಿಸಿದವಳು. ಆಮೇಲೆ ಬಿ.ಎಡ್. ಈಗಲೂ ತಾನು ಕಲಿಸುವುದು ಸರಿಯೋ ತಪ್ಪೋ ಎಂದು ಕುರುಗೋಡಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠದ ಪುಸ್ತಕ ತೆರೆದು ನೋಡುವವಳು. ಅಂಥವಳು ಅರವತ್ತು ದಾಟಿದ ಮೇಷ್ಟರಿಗೆ 'ನಿಮ್ಮ ಅಕ್ಷರ ತಪ್ಪು' ಎಂದು ಹೇಗೆ ಹೇಳಬೇಕು?

ಹೇಳಲಿಲ್ಲ. ಶುಕ್ರವಾರ ಸಂಜೆ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕಾಗ ಬಾಯಿಗೆ ಬಂದದ್ದು ಬೇರೆ.

"ಸಾರ್, ನಾಳಿಂದ ಶನಿವಾರ ನಮಗ ಟ್ರೈನಿಂಗ್ ಹಾಕ್ಯಾರ್ರಿ. ಮಕ್ಕಳಿಗೆ ರಜಾ. ಮುಗದ ಮ್ಯಾಲೆ ನಾನ ಫೋನ್ ಮಾಡ್ತೀನ್ರಿ."

"ಆತೇಳವ್ವ. ಮರೀಬ್ಯಾಡ ಮತ್ತ" ಎಂದರು ಅವರು. ಬಸ್ ಬಂದಾಗ ಅವಳಿಗೆ ಕಿಟಕಿಯ ಪಕ್ಕದ ಸೀಟು ಹಿಡಿಯಲು ತಮ್ಮ ಟವೆಲ್ಲನ್ನು ಒಳಕ್ಕೆ ಎಸೆದುಕೊಟ್ಟರು.

*

ಮನೆಯ ಪಡಸಾಲೆಯಲ್ಲಿ ಚಿದಾನಂದಪ್ಪನವರನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ತಲೆ ವಾಲದಂತೆ ಹಿಂದೆ ಬಟ್ಟೆ ಕಟ್ಟಿದ್ದರು. ಪಕ್ಕದಲ್ಲಿ ಹೆಂಡತಿ ಸುವರ್ಣಮ್ಮ ಗೋಡೆಗೆ ಒರಗಿ ಕೂತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಹೂ ಹಾಕಿದರು. ದಾಕ್ಷಾಯಣಿ ತನ್ನ ಪಾಳಿ ಬಂದಾಗ ಪಾದವನ್ನಷ್ಟೇ ನೋಡಿ, ಕೈ ಮುಗಿದು ಹೊರಗೆ ಬಂದುಬಿಟ್ಟಳು. ಸುವರ್ಣಮ್ಮನವರ ಕಣ್ಣು ತನ್ನ ಬೆನ್ನ ಮೇಲೆ ಇದ್ದಂತೆ ಅನಿಸಿತು.

ಹೊರಗೆ ಶಾಮಿಯಾನದ ಕೆಳಗೆ ಕುರ್ಚಿಗಳು. ಟ್ರ್ಯಾಕ್ಟರ್ ಓಡಿಸುವ ಎರ್ರಣ್ಣ ಮತ್ತು ಭತ್ತದ ಮಿಲ್ಲಿನ ಮಾರೇಶ, ಇಬ್ಬರೂ ಮೇಷ್ಟರ ಹಳೆಯ ವಿದ್ಯಾರ್ಥಿಗಳು, ಹೆಡ್‌ಮಾಸ್ಟರಿಗೆ ಕುರ್ಚಿ ಎಳೆದುಕೊಟ್ಟು ಮಾತಿಗೆ ಕೂತಿದ್ದರು.

"ನಿನಗ ಬರಿಯಾಕ ಕಲಿಸಿದ್ದು ನೆನಪೈತೇನಲೇ ಮಾರೇಶ?"

"ಏ, ಅದ್ಯಾರಿಗೆ ನೆನಪಿರ್ತೈತಿ? ನನಗ ನೆನಪಿರೋದು ಬರೇ ಚಡ್ಡಿ."

"ಯಾವ ಚಡ್ಡಿ?"

"ಕ್ಲಾಸಿನ್ಯಾಗ ಮಾಡ್ಕೊಂಡಿದ್ನಲ್ಲ! ಸಾರ್ ನಳದ ಕೆಳಗ ನಿಂದ್ರಿಸಿ ತೊಳದು, ತಮ್ಮ ಟವೆಲ್ ಸುತ್ತಿದ್ರು. ಸಂಜಿ ತನಕ ಟವೆಲ್ಲಿನ್ಯಾಗ ಕುಂತಿದ್ದೆ."

"ಹೌದಲೇ! ಸಣ್ಣ ಸ್ವಾಮ್ಗಳು ಅಂತಿದ್ವಿ ನಿನಗ. ಕಾಲಿಗೆ ಬೀಳಾಕ ಬಂದಿದ್ದೆ ನಾನು."

"ಬಿದ್ದಿ, ಹತ್ತು ಪೈಸೆ ಸೈತ ಇಡಲಿಲ್ಲ."

ಎರ್ರಣ್ಣ ನಗು ತಡೆಯಲು ಟವೆಲ್ಲು ಬಾಯಿಗೆ ಹಿಡಿದ. ಪಡಸಾಲೆಯಿಂದ ಭಜನೆಯ ತಾಳ ಕೇಳುತ್ತಿತ್ತು.

"ಮೊನ್ನೆ ಸಿರುಗುಪ್ಪದ ಆಫೀಸಿನ್ಯಾಗ ಒಂದು ಅರ್ಜಿ ಕೊಟ್ಟೆ" ಎಂದ ಅವನು. "ನನ್ನ ಸಹಿ ನೋಡಿ ಆ ಕ್ಲಾರ್ಕಮ್ಮ 'ತೆಲುಗಾ?' ಅಂದ್ಲು."

"ನೀ ಏನಂದಿ?"

"'ಕಾದಮ್ಮಾ, ಸಿರಿಗೇರಿ' ಅಂದೆ. ಅಲ್ಲ ಅನ್ನೋದೂ ತೆಲುಗಿನ್ಯಾಗ ಬಂತು."

ಹೆಡ್‌ಮಾಸ್ಟರೂ ನಕ್ಕುಬಿಟ್ಟರು. ದಾಕ್ಷಾಯಣಿಗೆ ನಗು ಬರಲಿಲ್ಲ. ಎರ್ರಣ್ಣ ಅವಳ ಕಡೆ ತಿರುಗಿದ. "ಮೇಡಂ, ಆ ಟ್ರೈನಿಂಗ್ ಮುಗೀತೇನ್ರಿ? ಪ್ರತಿ ವಾರ ಕಟ್ಟಿ ಮ್ಯಾಲೆ ಕುಂತು, ಟ್ರೈನಿಂಗ್ ಮುಗೀಲಿ, ಮೇಡಂ ಫೋನ್ ಮಾಡ್ತಾರ ಅಂತಿದ್ರು ಪಾಪ."

"ಟ್ರೈನಿಂಗಾ?" ಕೊಟ್ರಬಸಪ್ಪ ಹುಬ್ಬು ಗಂಟಿಕ್ಕಿದರು. "ಶನಿವಾರ? ಯಾವ ಟ್ರೈನಿಂಗ್ರಿ ಮೇಡಂ?"

ಅಷ್ಟರಲ್ಲಿ ಒಳಗಿನಿಂದ ಯಾರೋ "ಎತ್ತೋ ಹೊತ್ತಾತು, ಬರ್ರಪ್ಪ" ಎಂದು ಕೂಗಿದರು. ಗಂಡಸರೆಲ್ಲ ಎದ್ದರು. ಪಡಸಾಲೆಯಲ್ಲಿ ಅಳು ಏರಿತು.

*

ಹೊಲದಂಚಿನ ರುದ್ರಭೂಮಿಯಲ್ಲಿ ಜಂಗಮರು ಮಂತ್ರ ಹೇಳುತ್ತಿದ್ದರು. ಹೂವಿನಿಂದ ಸಿಂಗರಿಸಿ ಹೊತ್ತು ತಂದ ವಿಮಾನದಿಂದ ಎತ್ತಿ, ಕೂತ ಭಂಗಿಯಲ್ಲೇ ಗುಣಿಯೊಳಗೆ ಇಳಿಸಿದರು. ಪತ್ರಿ, ವಿಭೂತಿ, ಆಮೇಲೆ ಮಣ್ಣು. ದಾಕ್ಷಾಯಣಿಯೂ ಒಂದು ಹಿಡಿ ಹಾಕಿದಳು. ಗುಣಿ ಅವಳೆಣಿಸಿದ್ದಕ್ಕಿಂತ ಬೇಗ ತುಂಬಿತು.

ವಾಪಸು ಬರುವಾಗ ಹೆಡ್‌ಮಾಸ್ಟರ್ ಬೈಕು ತಳ್ಳಿಕೊಂಡು ಅವಳ ಪಕ್ಕ ನಡೆದರು.

"ಸುಳ್ಳು ಹೇಳಿದ್ದೆ ಸಾರ್" ಎಂದಳು ಅವರು ಕೇಳುವ ಮೊದಲೇ. ಭೇಟಿ ಪುಸ್ತಕದ ಸಾಲು, ಬಸ್ ನಿಲ್ದಾಣ, ಎಲ್ಲ ಹೇಳಿದಳು.

"ನನಗರ ಹೇಳಬೇಕಿತ್ತು. ನಾನೂ ಹೇಳ್ತಿದ್ದಿಲ್ಲ ಬಿಡ್ರಿ ಅವರಿಗೆ. ನನಗೂ ಹಿರ್ಯಾರು." ಬೈಕು ಕಲ್ಲಿಗೆ ತಗುಲಿ ನಿಂತಿತು. "ಈಗ ಆ ಅಮ್ಮನ ಮುಂದ ಹೇಳಾಕ ಹೋಗಬ್ಯಾಡ್ರಿ. ಇವತ್ತ ಅಂತೂ ಬ್ಯಾಡ. ಎರ್ರಣ್ಣಗ ನಾನು ಏನರ ಹೇಳ್ತೀನಿ. ಐದೂವರಿ ಬಸ್ಸಿಗೆ ಹೋಗಿಬಿಡ್ರಿ."

ಒಳ್ಳೆಯ ಮಾತೇ. ಅವಳು ತಲೆಯಾಡಿಸಿದಳು. ನಿಲ್ದಾಣದ ತನಕ ಹೋದಳು ಕೂಡ. ಕುರುಗೋಡು ಬೋರ್ಡಿನ ಬಸ್ ನಿಂತಿತ್ತು. ಕಂಡಕ್ಟರ್ "ಬರ್ರಿ ಟೀಚರ್" ಎಂದ. ಅವಳು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು, ತೆಗೆದಳು.

"ಮುಂದಿನ ಬಸ್ ಏಳಕ್ಕ ನೋಡ್ರಿ ಮತ್ತ!"

"ಗೊತ್ತೈತ್ರಿ. ನೀವು ಹೋಗ್ರಿ."

*

ಶಾಮಿಯಾನದ ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಪಡಸಾಲೆ ತೊಳೆದ ನೆಲ ಇನ್ನೂ ಒದ್ದೆ. ಸುವರ್ಣಮ್ಮ ಸ್ನಾನ ಮಾಡಿ ಒದ್ದೆಗೂದಲಲ್ಲೇ ಒಳಕೋಣೆಯ ಹೊಸ್ತಿಲ ಬಳಿ ಕೂತಿದ್ದರು. ದಾಕ್ಷಾಯಣಿ ಎದುರಿಗೆ ಕೂತಳು. ಏನೇನೋ ಹೊಂದಿಸಿಕೊಂಡು ಬಂದಿದ್ದಳು. ಬಂದದ್ದು ಒಂದೇ ಮಾತು.

"ಅಮ್ಮಾ, ಟ್ರೈನಿಂಗ್ ಇರಲಿಲ್ರಿ."

"ಗೊತ್ತು."

ದಾಕ್ಷಾಯಣಿ ತಲೆ ಎತ್ತಿದಳು.

"ಮೊದಲನೇ ಶನಿವಾರನ ಗೊತ್ತಾತು. ಮನಿಯಾಗ ಕುಂದ್ರಲಾರದಕ್ಕ ಸಾಲಿ ಕಡೆ ಹೋದ್ರು. ಕಂಪೌಂಡಿನ ಹೊರಗ ನಿಂತ್ರ ಮಕ್ಕಳು ಓದೋದು ಕೇಳಿಸ್ತಂತ. ಸೀದಾ ತಿರುಗಿ ಬಂದ್ರು. ಅವತ್ತು ಉಣ್ಣಲಿಲ್ಲ. ಕೇಳಿದ್ರ, ಹೊಟ್ಟಿ ಸರಿ ಇಲ್ಲ ಅಂದ್ರು."

"ಎರ್ರಣ್ಣ ಹೇಳಿದ್ರು, ಟ್ರೈನಿಂಗ್ ಮುಗೀಲಿ ಅಂತಿದ್ರಂತ..."

"ಊರ ಮಂದಿ ಮುಂದ ನಿನ್ನ ಸುಳ್ಳೇ ಹೇಳಿಕೋತ ಬಂದ್ರು. ನಿನ್ನ ಹೆಸರು ಕೆಡಬಾರದಲ್ಲ." ಸುವರ್ಣಮ್ಮ ಕೂದಲ ತುದಿ ಹಿಂಡಿದರು. "ನಾ ಬೈದೆ. ಆ ಹುಡುಗಿನ ಕರದು ಕೇಳ್ರಿ ಅಂದೆ. 'ನನ್ನ ಜುಟ್ಟಿನ ಅಕ್ಷರದ ಸಲುವಾಗಿನ ಇರಬೇಕು. ನಾನು ಮೇಷ್ಟ್ರಲೇ, ತಪ್ಪಾಗಿದ್ರ ತಿದ್ಕೋಬೇಕು' ಅಂದ್ರು. ಅವರಿಗೆ ನಿನ್ನ ಮ್ಯಾಲೆ ಸಿಟ್ಟಿರಲಿಲ್ಲ. ನನಗಿತ್ತು. ಈಗೂ ಐತಿ. ನಾನು ಅವರಂಗಲ್ಲ."

"ಇರಲೇಬೇಕ್ರಿ" ಎಂದಳು ದಾಕ್ಷಾಯಣಿ.

ಸುವರ್ಣಮ್ಮ ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲವೇನೋ, ತಾನೇ ಎದ್ದು ಹೋಗಬೇಕೇನೋ ಎಂದು ಅವಳು ಯೋಚಿಸುವಷ್ಟು ಹೊತ್ತು ತಡೆದು, ಕೈಯಲ್ಲಿ ಒಂದು ಪುಸ್ತಕ ಹಿಡಿದು ಬಂದರು. ಎರಡು ಗೆರೆಯ ಕಾಪಿ ಪುಸ್ತಕ. ಮಕ್ಕಳದು.

"ಸಿರುಗುಪ್ಪದಿಂದ ತಂದ್ರು. ದಿನಾ ಒಂದು ಪುಟ. ಎಲ್ಲ ಸರಿ ಬಂದ ಮ್ಯಾಲೆ ಟೀಚರಮ್ಮಗ ತೋರಸ್ತೀನಿ, ಅವರು ಹೌದಂದ್ರ ಶನಿವಾರ ಹೋಗ್ತೀನಿ ಅಂತಿದ್ರು. ನಂದು ಆದೋನಿ, ನಾ ಓದಿದ್ದು ತೆಲುಗು. ನನಗ ಎಲ್ಡೂ ಒಂದ ಕಾಣ್ತಾವ. ನೀನ ನೋಡಿ ಹೇಳು, ಸರಿ ಐತೋ ಇಲ್ಲೋ."

ದಾಕ್ಷಾಯಣಿ ತೆರೆದಳು. ಮೊದಲ ಪುಟಗಳಲ್ಲಿ ಅಕ್ಷರಗಳು ಬಿಗಿದುಕೊಂಡು ನಿಂತಿದ್ದವು. ಎಲ್ಲೆಲ್ಲಿ ಕೈ ಮೇಲಕ್ಕೆ ಚಿಮ್ಮಿತ್ತೋ ಅಲ್ಲೆಲ್ಲ ರಬ್ಬರಿನಿಂದ ಉಜ್ಜಿ ಕಾಗದ ತೆಳ್ಳಗಾಗಿತ್ತು. ಮಧ್ಯದ ಪುಟಗಳಲ್ಲಿ ಉಜ್ಜಿದ ಗುರುತು ಕಡಿಮೆಯಾಯಿತು. ಕೊನೆಯದರಲ್ಲಿ ನಿನ್ನೆಯ ತಾರೀಖು. 'ಗರಗಸ', ಹತ್ತು ಸಲ. ಮೂವತ್ತೆರಡು ವರ್ಷದ ಕೈ ಬಾಗಿದ್ದು ಎಷ್ಟು ಕಷ್ಟಪಟ್ಟೋ, ಒಂದೊಂದು ತಲೆಕಟ್ಟೂ ಅಡ್ಡಕ್ಕೆ ಮಲಗಿ ತುದಿಯಲ್ಲಿ ಮೆಲ್ಲಗೆ ಬಾಗಿತ್ತು. ಪ್ರತಿ ಪುಟದ ಕೆಳಗೆ ಶಿಕ್ಷಕರ ಸಹಿಯ ಜಾಗ ಖಾಲಿ ಇತ್ತು.

"ಸರಿ ಐತ್ರಿ" ಎಂದಳು. "ಎಲ್ಲ ಸರಿ ಐತ್ರಿ ಅಮ್ಮ."

"ಬಾಯಾಗ ಹೇಳಿದ್ರ? ಸಾಲ್ಯಾಗ ಹಂಗೇನು ಮಾಡ್ತಿ?"

ಅವಳು ಚೀಲದಿಂದ ಕೆಂಪು ಪೆನ್ನು ತೆಗೆದು ಮೊದಲ ಪದಕ್ಕೆ ರೈಟ್ ಹಾಕಿದಳು. ಗುರುತು ಸ್ವಲ್ಪ ಕೆಳಗೆ ಇಳಿದು, 'ಗ'ದ ನೆತ್ತಿಯ ಮೇಲೆ ತಗ್ಗಿ, ಮೇಲಕ್ಕೆ ಚಿಮ್ಮಿ ನಿಂತಿತು. ಅವಳ ಕೈ ಅಲ್ಲೇ ತಡೆಯಿತು. ಆ ಜುಟ್ಟನ್ನೇ ನೋಡಿದಳು. ಆಮೇಲೆ ಎರಡನೆಯ ಪದಕ್ಕೂ ಹಾಗೆಯೇ ಹಾಕಿದಳು, ಈ ಸಲ ಬೇಕೆಂದೇ ನೆತ್ತಿಯ ಮೇಲೆ. ಮೂರನೆಯದಕ್ಕೂ. ಹತ್ತೂ ಆದ ಮೇಲೆ ಕೆಳಗೆ ತನ್ನ ಹೆಸರು ಬರೆದು ಒಂದು ಪುಟ ಹಿಂದಕ್ಕೆ ತಿರುವಲು ಹೋದಳು.

"ತಡಿ, ಒರಸಿ ಹೋಗತೈತಿ" ಎಂದರು ಸುವರ್ಣಮ್ಮ. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಖದ ಹತ್ತಿರ ತಂದು, ಒದ್ದೆ ಕೂದಲು ತಾಗದಂತೆ ಕತ್ತು ಒಂದು ಬದಿಗೆ ವಾಲಿಸಿ, ಶಾಯಿ ಆರಲೆಂದು ಮೆಲ್ಲಗೆ ಊದತೊಡಗಿದರು.