ಗಾಲಿಯಿಲ್ಲದ ಕುರ್ಚಿ

ನಾನು ಹುಟ್ಟಿದ ದಿನ ಬೆಳಗಿನಿಂದಲೇ ಮೂಡಗಾಳಿ ಬೀಸುತ್ತಿತ್ತು. ಮಲಪ್ರಭೆಯ ದಂಡೆಯಲ್ಲಿ ಆ ಗಾಳಿ ಬಿಟ್ಟರೆ ತುಟಿ ಒಡೆಯುತ್ತದೆ, ಒಗೆದು ಹಾಕಿದ ಧೋತರ ಪೂಜೆ ಮುಗಿಯುವುದರೊಳಗೆ ಒಣಗಿರುತ್ತದೆ. ಬಡಿಗ ಮೌನೇಶಪ್ಪ ಅಂಗಳದಲ್ಲಿ ಗಾಳಿಗೆ ಮುಖವೊಡ್ಡಿ ನಿಂತ. ಉಳಿ ಬಾಚಿಗಳಿಗೆ ವಿಭೂತಿ ಹಚ್ಚಿ ಕೈಮುಗಿದ. ಆಮೇಲೆ ಹೆಂಡತಿಗೆ ಕೂಗಿ ಹೇಳಿದ: "ಒಣಗಾಳಿ ಬಿಟ್ಟೈತಿ. ಇವತ್ತು ಕೂಡಿಸಿದ ಕೀಲು ಮಳಿಗಾಲಕ್ಕ ಬಿಗಿ ಹಿಡೀತೈತಿ. ಸಂಜೀಕ ಕುರ್ಚಿ ಮುಗಸ್ತೀನಿ ನೋಡ."

ಹಾಗೆ ನಾನು ಕುರ್ಚಿಯಾದೆ. ಬೇವಿನ ಮೈ, ಅಗಲವಾದ ಎರಡು ತೋಳು, ಎಂಥ ಭಾರಕ್ಕೂ ಜಗ್ಗದ ನಾಲ್ಕು ಕಾಲು. ಅದೇ ಮರದ ಉಳಿದ ತುಂಡುಗಳು ಒಲೆಗೆ ಹೋದವು. ನನ್ನನ್ನು ಶಿವ ಬೇರೆ ಕಡೆಗೆ ಕಳಿಸಿದ.

ಮೊದಲು ಹೋದದ್ದು ದೇಸಾಯರ ವಾಡೆಗೆ. ಪಡಸಾಲೆಯಲ್ಲಿ ದೇಸಾಯರೊಬ್ಬರೇ ನನ್ನ ಮೇಲೆ ಕೂರುತ್ತಿದ್ದರು. ಬಂದವರೆಲ್ಲ ಜಮಖಾನೆಯ ಮೇಲೆ. ಅಲ್ಲಿಯೇ ನನಗೆ ದೊಡ್ಡಸ್ತಿಕೆಯ ರುಚಿ ಹತ್ತಿದ್ದು. ದೇಸಾಯರು ಶಿವನ ಪಾದ ಸೇರಿದ ಮೇಲೆ ಅವರ ಹೆಂಡತಿ, "ಓದಾವರಾದ್ರೂ ಕುಂದರ್ಲಿ" ಎಂದು ನನ್ನನ್ನು ಊರ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟರು.

ಗ್ರಂಥಾಲಯದಲ್ಲಿ ಒಂದು ಉದ್ದನೆಯ ಮೇಜು. ಎರಡೂ ಬದಿಗೆ ನೆಲಕ್ಕೆ ಹೂಳಿದ ಬೆಂಚು. ಕಿಟಕಿಯ ಕಡೆಯ ತುದಿಯಲ್ಲಿ ನಾನು. ನನ್ನ ಮೇಲೆ ಸಿದ್ರಾಮಪ್ಪ ಮಾಸ್ತರರು. ನಿವೃತ್ತರಾದ ಮರುದಿನವೇ ಬಂದು ಕೂತವರು ಅವರು. ಅವರ ಧೋತರದ ಅತ್ತರು, ಕೆಮ್ಮು, ಬಲಗಾಲು ಅಲ್ಲಾಡಿಸುವ ಚಟ, ಎಲ್ಲವೂ ನನ್ನದೇ ಆಗಿಹೋದವು.

ಆ ಮೇಜಿಗೆ ಒಂದು ಪದ್ಧತಿಯಿತ್ತು. ಗ್ರಂಥಪಾಲಕಿ ಶಿವಲೀಲಾ ದಿನದ ಪತ್ರಿಕೆಯನ್ನು ಮಾಸ್ತರರ ಕೈಗೆ ಕೊಡಬೇಕು. ಅವರು ಹಾಳೆ ಬಿಡಿಸಿ ಮೊದಲನೆಯದನ್ನು ತಾವಿಟ್ಟುಕೊಂಡು ಉಳಿದವನ್ನು ಹಂಚಬೇಕು. ಓದಿದವರು ಬಲಗೈಯವರಿಗೆ ದಾಟಿಸಬೇಕು. ಗುಡಿಯ ಆರತಿತಟ್ಟೆಯ ಹಾಗೆ ಹಾಳೆ ಸುತ್ತು ಹೊಡೆಯುತ್ತಿತ್ತು. ಆರತಿ ನನ್ನಿಂದಲೇ ಶುರುವಾಗುತ್ತದೆ ಎಂದು ನಾನು ಬೀಗುತ್ತಿದ್ದೆ.

ಆಮೇಲೆ ಅದು ಬಂತು.

ಗ್ರಂಥಾಲಯ ಎಲ್ಲರಿಗೂ ಸಿಗಬೇಕೆಂದು ಪಂಚಾಯಿತಿಯವರು ಮೆಟ್ಟಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಕಟ್ಟಿಸಿದರು. ಟೇಪು ಕತ್ತರಿಸಿ ಕಾಯಿ ಒಡೆದರು. ಮೊದಲ ಅತಿಥಿಯಾಗಿ ಹೊಲಿಗೆಯ ಫಕ್ಕೀರವ್ವ ಬಂದಳು. ಕೂಸಾಗಿದ್ದಾಗಲೇ ಕಾಲು ಕಳೆದುಕೊಂಡವಳು, ಮನೆಯಲ್ಲೇ ಕುಬಸ ಹೊಲಿಯುವವಳು. ಅವಳು ಕೂತಿದ್ದದ್ದು ಒಂದು ಗಾಲಿಕುರ್ಚಿಯ ಮೇಲೆ.

ನಾನು ಅದನ್ನು ಮೇಲಿಂದ ಕೆಳಗೆ ನೋಡಿದೆ. ಕಬ್ಬಿಣದ ಕೊಳವೆ, ರೆಕ್ಸಿನ್ ಹಾಸು. ಮರವಿಲ್ಲ, ಕೆತ್ತನೆಯಿಲ್ಲ. ನನಗೆ ನಾಲ್ಕು ಕಾಲಿದ್ದು ಒಂದೂ ನಡೆಯದು. ಅದಕ್ಕೆ ಕಾಲೇ ಇಲ್ಲ, ಊರೆಲ್ಲ ಸುತ್ತುತ್ತದೆ! ನನ್ನ ಮೇಲೆ ಕೂತವರು ಹೊತ್ತಾದರೆ ಎದ್ದು ಹೋಗುತ್ತಾರೆ. ಅದರ ಒಡತಿ ಅದರೊಂದಿಗೇ ಮನೆಗೆ ಹೋಗುತ್ತಾಳೆ. ಸೈಕಲ್ ಅಂಗಡಿಯ ಹುಸೇನಸಾಬ ಓದಲು ಬಂದಾಗಲೆಲ್ಲ ಅದರ ಗಾಲಿಗೆ ಎಣ್ಣೆ ಬಿಡುತ್ತಿದ್ದ. ನನ್ನ ಕೀಲು ಕಿರುಗುಟ್ಟಿದರೆ ಮಾತ್ರ, "ಮಾಸ್ತರ್ರ, ನಿಮ್ಮ ಕುರ್ಚಿ ಪಾಠಾ ಹೇಳಾಕತ್ತೈತಿ" ಎಂದು ನಗುತ್ತಿದ್ದ. ನನ್ನೊಳಗೆ ಗೆದ್ದಲು ಹೊಕ್ಕಂತೆ ಹೊಟ್ಟೆಕಿಚ್ಚು ಹೊಕ್ಕಿತು.

ಫಕ್ಕೀರವ್ವನಿಗೆ ಊರವರು ಹಾರ ಹಾಕಿದರು. ಬಾಗಿಲ ಬಳಿ, ಫ್ಯಾನಿನ ಕೆಳಗೆ, ಅತಿಥಿಗಳ ಜಾಗದಲ್ಲಿ ಅವಳ ಕುರ್ಚಿ ನಿಲ್ಲಿಸಿದರು. ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಚಹಾ ಬರುತ್ತಿತ್ತು. ಹಾಳೆ ಬರುತ್ತಿರಲಿಲ್ಲ. ಅವಳು ಕೈಚಾಚಿದರೆ ಮಾಸ್ತರರು ಪ್ರೀತಿಯಿಂದಲೇ ನಿನ್ನೆಯ ಪತ್ರಿಕೆ ಕೊಡಿಸುತ್ತಿದ್ದರು. "ತಗೋವ್ವಾ, ಇದು ಪೂರ್ತಿ ಐತಿ."

ಒಂದು ದಿನ ಅವಳು ಅದನ್ನು ತೆಗೆದುಕೊಳ್ಳಲಿಲ್ಲ. "ನಿನ್ನಿದು ಬ್ಯಾಡ್ರಿ ಮಾಸ್ತರ್ರ. ಇವತ್ತಿಂದರಾಗ ನನಗೂ ಸರದಿ ಕೊಡ್ರಿ."

"ಸರದಿ ಮೇಜಿಗೆ ಕುಂತವರಿಗವ್ವಾ. ಮೇಜಿಗೆ ಕುರ್ಚಿ ಬೇಕಲ್ಲ?"

"ನನ್ನ ಕುರ್ಚಿ ನಾನ ತಂದೀನ್ರಿ. ನಿಮ್ಮೊಳಗ ಯಾರು ತಂದೀರಿ ಹೇಳ್ರಿ?"

ಬೆಂಚೆಲ್ಲ ಗೊಳ್ಳೆಂದಿತು. "ಹೌದ ಮತ್ತ!" ಎಂದ ಹುಸೇನಸಾಬ. "ನಾವು ಸರಕಾರಿ ಬೆಂಚಿನವರು, ಆಕಿ ಸ್ವಂತ ಕುರ್ಚಿಯಾಕಿ."

ಶಿವಲೀಲಾ ನಗಲಿಲ್ಲ. ಅವಳು ಮಾಸ್ತರರ ಹಳೆಯ ಶಿಷ್ಯೆ. ಮೇಜಿನ ಸುತ್ತ ಒಂದು ಸುತ್ತು ನಡೆದು ನೋಡಿದಳು. ಬೆಂಚು ಕೀಳಲು ಬಾರದು. ಗಾಲಿಕುರ್ಚಿ ಹಿಡಿಸುವ ಜಾಗ ಒಂದೇ, ನಾನಿದ್ದದ್ದು. "ಮಾಸ್ತರ್ರ, ಒಂದ ಚೂರು ಏಳ್ರಿ. ಬೆಂಚಿನ್ಯಾಗ ಜಾಗಾ ಐತ್ರಿ."

"ಊರ ಹುಡುಗೂರ್ನೆಲ್ಲಾ ಬೆಂಚಿಗೆ ಕುಂದರಿಸಿದಾಂವ ನಾ. ನನ್ನನ್ನ ಬೆಂಚಿಗೆ ಕುಂದರಸ್ತೀ ಏನವ್ವಾ?" ಮಾಸ್ತರರೇ ನನ್ನನ್ನು ಎತ್ತಿ ಗೋಡೆಗೆ ತಂದಿಟ್ಟು ಕೂತರು.

ನನ್ನ ಜಾಗಕ್ಕೆ ಗಾಲಿಕುರ್ಚಿ ಸರಿಯಿತು. ಕಿಟಕಿಯ ಬಿಸಿಲು ನನ್ನನ್ನು ಬಿಟ್ಟು ಅದರ ಮೇಲೆ ಬಿತ್ತು. ಆ ಬಿಸಿಲಿಗಾದರೂ ನಾಚಿಕೆ ಬೇಡವೇ?

ಆದರೂ ಹಿರಿಯರೆಂದು ಶಿವಲೀಲಾ ಪತ್ರಿಕೆಯನ್ನು ಮಾಸ್ತರರ ಕೈಗೇ ಕೊಡುವುದು ಬಿಡಲಿಲ್ಲ. ಅವರು ಉಳಿದ ಹಾಳೆಗಳನ್ನು ಮೇಜಿಗೆ ಕಳಿಸಿದರು. ಮೊದಲನೆಯದನ್ನು ಓದಿ, ಮಡಚಿ, ತಮ್ಮ ತೊಡೆಯ ಕೆಳಗಿಟ್ಟುಕೊಂಡರು. ಗ್ರಂಥಾಲಯದ ಬಾಗಿಲು ಹಾಕುವವರೆಗೆ ಅದು ಅಲ್ಲೇ ಇತ್ತು. ಮರುದಿನವೂ ಹಾಗೇ. "ಮಾಸ್ತರ್ರ, ತತ್ತಿಗೆ ಕಾವು ಕುಂತೀರೇನು?" ಎಂದ ಹುಸೇನಸಾಬ. ಫಕ್ಕೀರವ್ವ ಒಳಪುಟಗಳನ್ನು ಓದಿ ಹೊಲಿಗೆಗೆ ಹೊರಡುವಳು. ಹೋಗುವಾಗ ಒಮ್ಮೆ ನಮ್ಮ ಕಡೆ ನೋಡುವಳು.

ನನಗೋ, ಹಬ್ಬ. ಆ ಹಾಳೆ ನನ್ನ ಮೈಗೆ ಒತ್ತಿಕೊಂಡಿರುತ್ತಿತ್ತು. ಜಾಗ ಅದಕ್ಕೆ ಹೋದರೇನು, ಮೊದಲನೇ ಪುಟ ನನ್ನಲ್ಲಿದೆ ಎಂದು ಗಾಲಿಕುರ್ಚಿಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ.

ಒಂದು ಸೋಮವಾರ ಅವಳು ಮೇಜಿಗೆ ಹೋಗದೆ ನೇರ ಗೋಡೆಯ ಬಳಿ ಬಂದಳು. ಚೀಲದಿಂದ ಹಳೆಯ ಪತ್ರಿಕೆಯ ಹಾಳೆಯೊಂದನ್ನು ತೆಗೆದಳು. ನಡುವೆ ಕೊರಳ ಅಳತೆಗೆ ದುಂಡಗೆ ಕತ್ತರಿಸಿತ್ತು.

"ಸಿಟ್ಟಾಗಬ್ಯಾಡ್ರಿ ಮಾಸ್ತರ್ರ, ಒಂದ ಮಾತ ಕೇಳೂದೈತಿ. ಕುಬಸದ ಅಳತಿ ತಗ್ಯಾಕ ರದ್ದಿ ಪೇಪರ ತರಸ್ತೀನ್ರಿ. ಇದು ಹ್ವಾದ ವರ್ಷದ್ದು. ಕತ್ತರಿ ಹಾಕಿದ ಮ್ಯಾಲ ನೋಡೀನಿ, ಕೊಳವಿಬಾವಿಗೆ ಬಿದ್ದ ಕೂಸಿನ ಸುದ್ದಿ. ಮುಂದಿಂದು ಚೂರಾಗಿ ಹ್ವಾಗಿತ್ತು. ಯಾರನ್ನ ಕೇಳಿದ್ರೂ ಯಾವ ಕೂಸು ಅಂತಾರ. ನೀವು ಮೊದಲನೇ ಪುಟಾ ಓದಾವರು, ನಿಮಗ ನೆನಪಿರತೈತಿ. ಕೂಸು ಉಳೀತೇನ್ರಿ?"

ಮಾಸ್ತರರು ಚಷ್ಮಾ ಏರಿಸಿ ಹಾಳೆಯನ್ನು ಎತ್ತಿ ಹಿಡಿದರು. ಅದರ ತೂತಿನಲ್ಲಿ ಅವರಿಗೆ ಅವಳ ಮುಖ ಕಂಡಿರಬೇಕು. ಅಲ್ಲಾಡುತ್ತಿದ್ದ ಅವರ ಬಲಗಾಲು ನಿಂತಿತು.

"ಉಳೀತವ್ವಾ. ಮರುದಿನ ಮುಂಜಾನಿ ತಗದ್ರು. ತಾಯಿ ಕೈಯಾಗ ಕೊಟ್ಟದ್ದು ಫೋಟೋ ಬಂದಿತ್ತು."

ಅವಳು ಎದೆಗೆ ಕೈಯಿಟ್ಟುಕೊಂಡಳು. "ನಾ ಸತ್ತಿತ್ತಂತ ತಿಳದಿದ್ನಿ. ಅದರ ಹೆಸರಲೆ ಸ್ವಾಮಾರ ಒಪ್ಪತ್ತ ಮಾಡ್ತಿದ್ನಿ."

"ಇವತ್ತೂ?"

"ಇವತ್ತೂ ರೀ."

ಮೇಜಿನವರು ಓದುವುದನ್ನು ನಿಲ್ಲಿಸಿದ್ದರು.

ಈಗ ನನಗೆ ವಯಸ್ಸಾಗಿದೆ. ಮುಂಗಾಲೊಂದು ಸಡಿಲಾಗಿದೆ. ಗಾಲಿಯ ಸದ್ದು ಕೇಳಿದರೆ ಒಳಗೆ ಇನ್ನೂ ಚುರುಕ್ಕೆನ್ನುತ್ತದೆ, ಸುಳ್ಳು ಹೇಳಲಾರೆ. ಆದರೆ ಹಸಿದವಳ ಪಾಲನ್ನು ಅಡಗಿಸಿಕೊಂಡ ಮೈ ತಣ್ಣಗಿರುವುದಿಲ್ಲ. ಆವತ್ತು ಆ ಮೊದಲನೇ ಪುಟ ಕೆಂಡದ ಹಾಗೆ ನನ್ನನ್ನು ಸುಟ್ಟಿತು.

ಮಾಸ್ತರರು ನನ್ನ ತೋಳು ಹಿಡಿದು ಮೆಲ್ಲನೆ ಎದ್ದರು. ತೊಡೆಯ ಕೆಳಗಿದ್ದ ಆ ದಿನದ ಮೊದಲನೇ ಪುಟವನ್ನು ತೆಗೆದು, ಸುಕ್ಕನ್ನು ಅಂಗೈಯಿಂದ ತೀಡಿ, ಅವಳ ಮಡಿಲಲ್ಲಿ ಇಟ್ಟರು.